ಹಳೆಯ ಗಿಟಾರಿನ ಬೆಲೆ



ಮನೆಯಲ್ಲಿ ಬಹುಕಾಲ ಇದ್ದ ವಸ್ತುವನ್ನು ಮಾರಲು ಹೊರಟಾಗ ನಾವು ಮೊದಲು ಮಾಡುವ ಕೆಲಸ, ಅದನ್ನು ತೊಳೆದು ಬಳಿದು ಚೆಂದಗೊಳಿಸುವುದು. ಸಂತೆಗೆ ಹೊಡೆಯುವ ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರುವ ವಾಡಿಕೆಯಿಂದ ಬಂದ ಬುದ್ಧಿ ಇದು. ಎತ್ತಿನ ಮಟ್ಟಿಗೆ ಇದು ಸರಿಯಿದ್ದೀತು. ಹಳೆಯ ಗಿಟಾರಿನ ಮಟ್ಟಿಗೆ ಮಾತ್ರ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಆ ತಪ್ಪನ್ನು ನಾನೇ ಮಾಡಿದವನಾದ್ದರಿಂದ, ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಅಷ್ಟಿಷ್ಟು ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ನನ್ನ ಅಣ್ಣ ನುಡಿಸುತ್ತಿದ್ದ ಗಿಟಾರೊಂದು, ಅವನು ತೀರಿಕೊಂಡ ಮೇಲೆ ನಮ್ಮ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಮನೆ ಬದಲಿಸುವ ಸಮಯ ಬಂದಾಗ ಅದನ್ನು ಮಾರುವುದೆಂದು ತೀರ್ಮಾನವಾಯಿತು. ಮೈಮೇಲಿನ ಕಂದು ಮೆರುಗು ಸಣ್ಣಸಣ್ಣಗೆ ಬಿರಿದು ಜೇಡನ ಬಲೆಯಂತೆ ಕಾಣುತ್ತಿತ್ತು. ಬಡಗಿಯೊಬ್ಬನನ್ನು ಕರೆಸಿ, ಉಪ್ಪುಕಾಗದದಿಂದ ಉಜ್ಜಿಸಿ, ಹೊಸದಾಗಿ ವಾರ್ನಿಷ್ ಹೊಡೆಸಿದೆ. ಒಡಲೊಳಗೆ ಅಂಟಿಸಿದ್ದ ಹಳದಿ ತಿರುಗಿದ ಚೀಟಿ ಅಸಹ್ಯವಾಗಿ ಕಂಡಿತು. ಅದನ್ನು ನೀರು ಹಚ್ಚಿ ಕೆರೆದು ತೆಗೆದೆ. ಆಮೇಲೆ ಬಲ್ಲವರೊಬ್ಬರ ಬಳಿಗೆ ಒಯ್ದೆ. ಅವರು ವಾದ್ಯವನ್ನು ಹಿಂದೆ ಮುಂದೆ ತಿರುಗಿಸಿ, ಬೆನ್ನನ್ನು ಬೆರಳಿನಿಂದ ತಟ್ಟಿ, ಒಳಗೆ ಇಣುಕಿ ನೋಡಿ ಕೇಳಿದರು: “ಇಲ್ಲೊಂದು ಚೀಟಿ ಇತ್ತಲ್ಲ, ಅದರಲ್ಲಿ ಏನು ಬರೆದಿತ್ತು?” ನನಗೆ ನೆನಪಿರಲಿಲ್ಲ. “ಒಳ್ಳೆಯ ಕೈಯ ಕೆಲಸ. ಯಾರ ಕೈಯದೆಂದು ಇನ್ನು ಹೇಳುವಂತಿಲ್ಲ” ಎಂದರು. ಸಾಧಾರಣ ಗಿಟಾರಿಗೆ ಸಲ್ಲುವ ಬೆಲೆ ಬಂತು. ಆ ಹಣ ಖರ್ಚಾಗಿ ಹೋಯಿತು. ಅವರ ಪ್ರಶ್ನೆ ಮಾತ್ರ ಇನ್ನೂ ನನ್ನಲ್ಲಿ ಉಳಿದಿದೆ.

ಆದ್ದರಿಂದ ಮೊದಲ ಮಾತು ಇದು: ಗುರುತಿಸುವ ಮುನ್ನ ಏನನ್ನೂ ಉಜ್ಜಬೇಡಿ, ಕೀಳಬೇಡಿ, ಬದಲಿಸಬೇಡಿ. ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಮೆರುಗನ್ನು ಕೆರೆದು ಹೊಸದಾಗಿ ಬಳಿದ ಹಳೆಯ ಗಿಟಾರಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ಹಳೆಯ ವಾದ್ಯಗಳ ವ್ಯಾಪಾರಿಗಳಲ್ಲಿ ರೂಢಿಯಾದ ಲೆಕ್ಕ. ನಾವು ಕೊಳೆ ಎಂದು ತಿಳಿದದ್ದು ಅವರ ಕಣ್ಣಿಗೆ ಸಾಕ್ಷ್ಯ.

ಇನ್ನು ಗುರುತಿಸುವ ಕ್ರಮ. ಮೊದಲು ಜಾತಿಯನ್ನು ತಿಳಿಯಬೇಕು. ಗಿಟಾರುಗಳಲ್ಲಿ ನೈಲಾನ್ ತಂತಿಯವು, ಉಕ್ಕಿನ ತಂತಿಯವು ಎಂದು ಎರಡು ಮುಖ್ಯ ಕುಲಗಳುಂಟು. ಮೊದಲನೆಯದರ ಕೊರಳು ಅಗಲ. ಅದರ ತಲೆಯಲ್ಲಿ ಸಾಮಾನ್ಯವಾಗಿ ಎರಡು ಉದ್ದನೆಯ ಸೀಳುಗಳಿರುತ್ತವೆ. ತಂತಿಗಳನ್ನು ಕುದುರೆಗೆ ಗಂಟು ಹಾಕಿ ಕಟ್ಟಿರುತ್ತಾರೆ. ಎರಡನೆಯದರಲ್ಲಿ ತಂತಿಯ ತುದಿಯನ್ನು ಗೂಟ ಬಡಿದು ಹಿಡಿಸಿರುವುದೇ ಹೆಚ್ಚು. ಈ ಭೇದ ತಿಳಿಯದೆ ನೈಲಾನ್ ವಾದ್ಯಕ್ಕೆ ಉಕ್ಕಿನ ತಂತಿ ಏರಿಸಿ ಕುದುರೆಯನ್ನೇ ಕಿತ್ತುಕೊಂಡವರು ಎಷ್ಟೋ ಜನ. ಉಕ್ಕಿನ ಆರು ತಂತಿಗಳು ಒಟ್ಟಿಗೆ ಎಳೆಯುವ ಬಲ ಸುಮಾರು 70 ಕಿಲೋ ಭಾರಕ್ಕೆ ಸಮ. ನೈಲಾನಿನದು ಅದರ ಅರ್ಧದಷ್ಟು. ನಮ್ಮ ಮನೆಗಳಲ್ಲಿ ಮೂರನೆಯದೊಂದು ಬಗೆಯೂ ಸಿಗುವುದುಂಟು. ಚಿತ್ರಗೀತೆಗಳನ್ನು ಮಡಿಲಲ್ಲಿಟ್ಟು ಉಕ್ಕಿನ ಸರಳು ಜಾರಿಸಿ ನುಡಿಸುತ್ತಿದ್ದ ಹವಾಯಿ ಗಿಟಾರ್ ಅದು. ತಂತಿಗಳು ಮೇರುವಿನಿಂದಲೇ ಬಹಳ ಎತ್ತರದಲ್ಲಿದ್ದು, ಮೆಟ್ಟಿಲುಗಳು ಸ್ವಲ್ಪವೂ ಸವೆಯದೆ ಇದ್ದರೆ, ಅದು ಕೆಟ್ಟ ಗಿಟಾರಲ್ಲ, ಬೇರೆ ರೀತಿಯಲ್ಲಿ ನುಡಿಸಿದ ಗಿಟಾರು ಎಂದು ತಿಳಿಯಬೇಕು.

ಎರಡನೆಯದು ಹೆಸರು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಗಿಟಾರಿನ ಹೊಟ್ಟೆ ನೋಡುವುದಕ್ಕೆ ಮಾತ್ರ ಕನ್ನಡಿ ಬೇಕು. ದಂತವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ಒಂದು ಕೈದೀಪ, ಇಷ್ಟಿದ್ದರೆ ಸಾಕು. ತಲೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು. ಒಳಗಿನ ಗುರುತುಗಳನ್ನು ಕೃತಕವಾಗಿ ಮಾಡುವುದು ಅಷ್ಟು ಸುಲಭವಲ್ಲ. ಅಕ್ಷರಗಳನ್ನು ಒಂದೊಂದಾಗಿ ಓದಿರಿ. ಗಿಬ್ಸನ್ ಎಂಬುದು ಅಮೆರಿಕದ ಹೆಸರು, ಗಿವ್ಸನ್ ಎಂಬುದು ನಮ್ಮ ಕಲ್ಕತ್ತೆಯ ತಯಾರಿಕೆಯ ಹೆಸರು. ಒಂದು ಅಕ್ಷರದ ಅಂತರದಲ್ಲಿ ಸಮುದ್ರಗಳೇ ಅಡಗಿವೆ. ಒಂದು ಲಕ್ಷವೆಂದು ಆಸೆಪಟ್ಟವರು ಕೆಲವು ಸಾವಿರಗಳಿಗೆ ಇಳಿಯಬೇಕಾದೀತು.

ಚೀಟಿ ಕೆಲವೊಮ್ಮೆ ಕಾಲವನ್ನೂ ಹೇಳುತ್ತದೆ. ಜಪಾನಿನ ಯಮಹಾ ಸಂಸ್ಥೆ 1987ರವರೆಗೆ ನಿಪ್ಪಾನ್ ಗಕ್ಕಿ ಎಂಬ ಹೆಸರಿನಲ್ಲಿ ನಡೆಯುತ್ತಿತ್ತು. ಸಂಸ್ಥೆಗೆ ನೂರು ತುಂಬಿದ ಆ ವರ್ಷ ಯಮಹಾ ಎಂಬ ಹೆಸರನ್ನೇ ತಾಳಿತು. ಆದುದರಿಂದ ಚೀಟಿಯಲ್ಲಿ ನಿಪ್ಪಾನ್ ಗಕ್ಕಿ ಎಂದಿದ್ದರೆ ವಾದ್ಯ ಆ ವರ್ಷಕ್ಕಿಂತ ಹಿಂದಿನದೆಂದು ಊಹಿಸಲು ಅಡ್ಡಿಯಿಲ್ಲ.

ಮೂರನೆಯದು ಸಂಖ್ಯೆ. ಇದರಲ್ಲಿ ಎಲ್ಲರ ಮನೆಯ ಲೆಕ್ಕವೂ ಒಂದೇ ಅಲ್ಲ. ಜರ್ಮನಿಯ ಸ್ಯಾಕ್ಸನಿಯಿಂದ 1833ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಎಂಬಾತನ ಮನೆತನ ಇಂದಿಗೂ ಪೆನ್ಸಿಲ್ವೇನಿಯದ ನಜರೆತ್ ಊರಿನಲ್ಲಿ ಗಿಟಾರು ಮಾಡುತ್ತಿದೆ. ಅವರು 1898ರಲ್ಲಿ ತಮ್ಮ ವಾದ್ಯಗಳಿಗೆ ಕ್ರಮಸಂಖ್ಯೆ ಹಾಕಲು ಆರಂಭಿಸಿದರು. ಅದುವರೆಗೆ ಸುಮಾರು ಎಂಟು ಸಾವಿರ ಮಾಡಿದ್ದಿರಬಹುದೆಂದು ಅಂದಾಜು ಮಾಡಿ 8000ದಿಂದ ಎಣಿಕೆ ಹಿಡಿದರು. ಕೊರಳು ಒಡಲನ್ನು ಸೇರುವ ಕಡೆ ಒಳಗಿರುವ ಮರದ ದಿಂಡಿನ ಮೇಲೆ ಆ ಸಂಖ್ಯೆಯನ್ನು ಒತ್ತಿರುತ್ತಾರೆ. ಅಲ್ಲಿಂದೀಚೆಗಿನ ಮಾರ್ಟಿನ್ ಗಿಟಾರು ಯಾವ ವರ್ಷ ಹುಟ್ಟಿತೆಂಬುದನ್ನು ಆ ಸಂಖ್ಯೆಯಿಂದ ಹೇಳಿಬಿಡಬಹುದು.

ಗಿಬ್ಸನ್ ಮನೆಯ ಲೆಕ್ಕ ಹೀಗಲ್ಲ. 1960ರ ದಶಕದಲ್ಲಿ ಅವರು ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳ ವಾದ್ಯಗಳಿಗೆ ಒತ್ತಿದ್ದುಂಟು. ಅಲ್ಲಿ ಸಂಖ್ಯೆಯೊಂದನ್ನೇ ನಂಬಿದರೆ ಕೆಟ್ಟೆವು. 1977ರಿಂದ ಅವರು ಎಂಟು ಅಂಕಿಗಳ ಜಾಣ್ಮೆಯ ಕ್ರಮವೊಂದನ್ನು ತಂದರು. ಒಂದನೆಯ ಮತ್ತು ಐದನೆಯ ಅಂಕಿ ಸೇರಿ ವರ್ಷ. ನಡುವಿನ ಮೂರು ಅಂಕಿ ಆ ವರ್ಷದ ಎಷ್ಟನೆಯ ದಿನವೆಂಬುದು. ಉದಾಹರಣೆಗೆ 82765501 ಎಂದಿದ್ದರೆ ಎಂಟು ಮತ್ತು ಐದು ಸೇರಿ 1985. 276ನೆಯ ದಿನವೆಂದರೆ ಅಕ್ಟೋಬರ್ 3. ಜಾತಕ ಬರೆಸಿಕೊಂಡು ಹುಟ್ಟಿದ ಮರದ ಮಗುವಿನಂತೆ! ಜಾತಕ ಕಳೆದುಕೊಂಡ ವಾದ್ಯಗಳೇ ಲೋಕದಲ್ಲಿ ಹೆಚ್ಚು. ಅವುಗಳ ಮಟ್ಟಿಗೆ ಮೈಯನ್ನೇ ಓದಬೇಕು.

ಮೈಯ ಓದು ಮುಖಹಲಗೆಯಿಂದ ಆರಂಭವಾಗಲಿ. ನಾದರಂಧ್ರದ ಅಂಚನ್ನು ದೀಪ ಹಿಡಿದು ನೋಡಿರಿ. ಮೇಲ್ಮೈಯ ಮರದ ಗೆರೆಗಳು ಅಂಚಿನ ದಪ್ಪದೊಳಗೂ ಹಾಗೆಯೇ ಇಳಿದಿದ್ದರೆ ಅದು ಇಡಿಯ ಮರ. ಅಂಚಿನಲ್ಲಿ ಪದರಗಳು ಕಂಡರೆ ಅಂಟಿಸಿದ ಹಲಗೆ. ಇಡಿಯ ಮರದ ವಾದ್ಯಕ್ಕೆ ಬೆಲೆ ಹೆಚ್ಚು. ಏಕೆಂದರೆ ಗಿಟಾರಿನ ದನಿ ಬಹುಪಾಲು ಹುಟ್ಟುವುದು ಮುಖಹಲಗೆಯಲ್ಲಿಯೇ. ಇಂದಿನ ಸ್ಪ್ಯಾನಿಷ್ ಗಿಟಾರಿಗೆ ರೂಪ ಕೊಟ್ಟ ಆಂಟೋನಿಯೊ ದೆ ತೋರೆಸ್ 1862ರಲ್ಲಿ ಬೆನ್ನನ್ನೂ ಪಕ್ಕೆಗಳನ್ನೂ ರಟ್ಟುಕಾಗದದಿಂದ ಮಾಡಿ, ಮುಖಕ್ಕೆ ಮಾತ್ರ ಉತ್ತಮ ಮರವನ್ನಿಟ್ಟು ಒಂದು ಗಿಟಾರು ಕಟ್ಟಿದ. ಆ ವಾದ್ಯ ಈಗಲೂ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟಾದರೂ ಮಾರುಕಟ್ಟೆ ಬೆನ್ನಿನ ಮರವನ್ನು ನೋಡಿಯೇ ಬೆಲೆ ಕಟ್ಟುತ್ತದೆ. ಇಲ್ಲಿ ನಮ್ಮ ನಾಡಿನ ಮಾತೂ ಬರುತ್ತದೆ. ಬಹುಕಾಲ ಶ್ರೇಷ್ಠ ಗಿಟಾರುಗಳ ಬೆನ್ನಿಗೆ ಬ್ರೆಜಿಲ್ ದೇಶದ ಬೀಟೆಯನ್ನು ಹಾಕುತ್ತಿದ್ದರು. ಆ ದೇಶ ದಿಮ್ಮಿಗಳನ್ನು ಹಾಗೆಯೇ ಹೊರಗೆ ಕಳಿಸುವುದನ್ನು ತಡೆದಾಗ, ಮಾರ್ಟಿನ್ ಮನೆಯವರು 1969ರಲ್ಲಿ ಭಾರತದ ಬೀಟೆಗೆ ತಿರುಗಿದರು. ಮೈಸೂರಿನ ಕುಶಲಿಗಳು ಯಾವುದರ ಮೇಲೆ ಕೆತ್ತನೆಯ ಚಿತ್ರಗಳನ್ನು ಕೂರಿಸುತ್ತಾರೋ, ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಅದೇ ಜಾತಿಯ ಮರವದು. ಬ್ರೆಜಿಲ್ ಬೀಟೆಯ ಹಳೆಯ ಮಾರ್ಟಿನ್ ಗಿಟಾರಿಗೆ ಸಂಗ್ರಾಹಕರು, ಭಾರತದ ಬೀಟೆಯದಕ್ಕಿಂತ ಬಹಳ ಹೆಚ್ಚು ಹಣ ತೆರುತ್ತಾರೆ. ದನಿಯಲ್ಲಿ ಅಷ್ಟು ಅಂತರವಿದೆಯೆ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೆನ್ನು ಪಕ್ಕೆಗಳ ಮರ ಮಾತ್ರ ಬೇರೆಯಾಗಿದ್ದು ಮಿಕ್ಕೆಲ್ಲವೂ ಒಂದೇ ಆದ ಆರು ಗಿಟಾರುಗಳನ್ನು ಮಾಡಿಸಿದರು. ವಾದ್ಯ ಕಣ್ಣಿಗೆ ಕಾಣದಂತೆ ಮಾಡಿ 52 ಮಂದಿ ವಾದಕರ ಕೈಗೆ ಅವನ್ನು ಕೊಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶವೆಂದರೆ, ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ವಾದಕರು ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಕಿವಿಗಿಂತ ಕಣ್ಣಿಗೇ ಹೆಚ್ಚು ಅನ್ವಯಿಸುತ್ತದೆಂದು ತೋರುತ್ತದೆ. ಬೆಲೆ ಎಂಬುದು ಬರಿಯ ಗುಣವನ್ನಲ್ಲ, ದುರ್ಲಭತೆಯನ್ನೂ ಅಳೆಯುತ್ತದೆ. ಇದನ್ನು ತಿಳಿದಿದ್ದರೆ ಮಾರುವವನಿಗೆ ಗರ್ವವೂ ಇಲ್ಲ, ಕೀಳರಿಮೆಯೂ ಇಲ್ಲ.

ಹೊರದೇಶಕ್ಕೆ ಮಾರುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಬ್ರೆಜಿಲ್ ಬೀಟೆ 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಬಿಗಿಯಾದ ಪಟ್ಟಿಯಲ್ಲಿದೆ. ಅಂಥ ಮರವಾಗಲಿ, ದಂತದ ತುಣುಕಾಗಲಿ ಇರುವ ವಾದ್ಯ ಸರಿಯಾದ ಪತ್ರಗಳಿಲ್ಲದೆ ಗಡಿ ದಾಟುವಂತಿಲ್ಲ. ಮರ ಯಾವುದೆಂದು ಅರಿಯದೆ ಮಾತು ಕೊಟ್ಟರೆ ತೊಂದರೆಗೆ ಸಿಲುಕಬೇಕಾಗುತ್ತದೆ.

ನಾಲ್ಕನೆಯದು ಗಾಯಗಳ ಲೆಕ್ಕ. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಮರ ಒಣಗಿ ಬಿರಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಉಬ್ಬುತ್ತದೆ. ಹೆಂಚಿನ ಕೆಳಗಿನ ಅಟ್ಟದ ಕಾವಿಗೆ ಅಂಟು ಸಡಿಲಗೊಳ್ಳುತ್ತದೆ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಕೊರಳಿನುದ್ದಕ್ಕೂ ದೃಷ್ಟಿ ಹಾಯಿಸಿದರೆ ಬಾಗು, ತಿರುಚು ಕಾಣುತ್ತವೆ. ಉದ್ದನೆಯ ನೇರ ಪಟ್ಟಿಯೊಂದನ್ನು ಮೆಟ್ಟಿಲುಗಳ ಮೇಲಿಟ್ಟು ಕುದುರೆಯತ್ತ ಸರಿಸಿರಿ. ಅದರ ತುದಿ ಕುದುರೆಯ ಮರದ ನೆತ್ತಿಯನ್ನು ಮುಟ್ಟುವಂತಿರಬೇಕು. ಅದಕ್ಕಿಂತ ಬಹಳ ಕೆಳಗೆ ತಗಲಿದರೆ ಕೊರಳಿನ ಕೋನ ಜಾರಿದೆ ಎಂದರ್ಥ. ಅದನ್ನು ಬಿಚ್ಚಿ ಕೂಡಿಸುವ ವೆಚ್ಚ ಸಾಧಾರಣ ವಾದ್ಯದ ಬೆಲೆಯನ್ನೇ ಮೀರಬಹುದು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿ ಎರಡೂವರೆ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಉಕ್ಕಿನ ತಂತಿಯ ವಾದ್ಯ ಬೆರಳಿಗೆ ಹಿತ. ಐದಕ್ಕೆ ಏರಿದ್ದರೆ ಕಲಿಯುವ ಹುಡುಗನ ಬೆರಳು ಬೊಬ್ಬೆ ಏಳುವುದು ಖಂಡಿತ. ಕುದುರೆಯ ಹಿಂಬದಿಯಲ್ಲಿ ತೆಳುವಾದ ಕಾಗದ ನುಸುಳಿದರೆ ಅದು ಏಳತೊಡಗಿದೆ ಎಂದು ತಿಳಿಯಿರಿ. ಬಿರುಕುಗಳನ್ನು ಎಣಿಸಿರಿ, ಹಿಂದೆ ಅಂಟಿಸಿದವನ್ನೂ ಎಣಿಸಿರಿ. ಬಿರಡೆಗಳನ್ನು ಯಾವಾಗಲಾದರೂ ಬದಲಿಸಿದ್ದರೆ ಹಳೆಯವನ್ನು ಹುಡುಕಿ ವಾದ್ಯದ ಜೊತೆಗಿಡಿರಿ.

ಐದನೆಯದು, ನುಡಿಸಿದವರ ಚರಿತ್ರೆ. ಜಾನ್ ಲೆನನ್ 1965ರಲ್ಲಿ ನುಡಿಸಿದ ಹನ್ನೆರಡು ತಂತಿಯ ಫ್ರಾಮಸ್ ಗಿಟಾರೊಂದು ದಶಕಗಳ ಕಾಲ ಕಣ್ಮರೆಯಾಗಿದ್ದು, ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅದು ನ್ಯೂಯಾರ್ಕಿನ ಹರಾಜಿನಲ್ಲಿ ಇಪ್ಪತ್ತೆಂಟು ಲಕ್ಷ ಡಾಲರನ್ನೂ ಮೀರಿ ಹೋಯಿತು. ಅದೇ ಗಿಟಾರೆಂದು ತಿಳಿದದ್ದು ಹೇಗೆ? ಮರದ ಮೇಲಿನ ಗೆರೆಗಳನ್ನೂ ಸವೆತದ ಕಲೆಗಳನ್ನೂ ಹಳೆಯ ಚಿತ್ರಗಳೊಡನೆ ಹೋಲಿಸಿ ನೋಡಿದರು. ಬೆರಳಚ್ಚಿನಂತೆ ಒಂದು ಮರದ ಗೆರೆ ಇನ್ನೊಂದಕ್ಕಿಲ್ಲ. ಅದರ ಪೆಟ್ಟಿಗೆ ಕಸದಲ್ಲಿ ಬಿದ್ದಿತ್ತಂತೆ. ಅದನ್ನು ಎತ್ತಿ ತಂದದ್ದೂ ಗುರುತಿಗೆ ನೆರವಾಯಿತು. ಆ ಮೆರುಗನ್ನು ಯಾರಾದರೂ ನನ್ನಂಥ ಬುದ್ಧಿವಂತರು ಉಪ್ಪುಕಾಗದದಿಂದ ಉಜ್ಜಿಸಿದ್ದರೆ! ನಮ್ಮ ಅಟ್ಟಗಳಲ್ಲಿ ಲೆನನ್ನನ ಗಿಟಾರಿಲ್ಲ, ನಿಜ. ಆದರೆ ಕೊಂಡ ರಸೀದಿ, ಕಲಿಸಿದ ಗುರುವಿನ ಹಸ್ತಾಕ್ಷರ, ಕಚೇರಿಯೊಂದರ ಛಾಯಾಚಿತ್ರ, ಮೂಲದ ಪೆಟ್ಟಿಗೆ, ಇವು ಇದ್ದರೆ ಕಸವೆಂದು ಎಸೆಯಬಾರದು.

ಇಷ್ಟಾದ ಮೇಲೆ ಬೆಲೆಯ ಮಾತು. ಬೆಲೆ ಎಂಬುದು ಒಂದೇ ಅಲ್ಲ. ಅಂಗಡಿಯವನು ಗಿರಾಕಿಗೆ ಹೇಳುವ ಬೆಲೆ ಒಂದು. ಅವನು ನಮಗೆ ಕೊಡುವ ಬೆಲೆ ಇನ್ನೊಂದು. ಎರಡನೆಯದು ಮೊದಲನೆಯದರ ಅರ್ಧದಿಂದ ಮೂರರಲ್ಲೆರಡು ಪಾಲಿನವರೆಗೆ ಇದ್ದರೆ ಅದನ್ನು ಮೋಸವೆನ್ನಲಾಗದು. ಬಾಡಿಗೆ, ರಿಪೇರಿ, ಕಾಯುವ ಕಾಲ, ಎಲ್ಲವೂ ಅವನ ಪಾಲಿನವು. ಬೇರೆಯವರು ಎಷ್ಟು ಕೇಳುತ್ತಿದ್ದಾರೆಂಬುದನ್ನು ನೋಡಿ ಹಿಗ್ಗಬೇಡಿ. ಅದೇ ಮಾದರಿಯ, ಅದೇ ಸ್ಥಿತಿಯ ವಾದ್ಯ ಕೊನೆಗೆ ಎಷ್ಟಕ್ಕೆ ಹೋಯಿತೆಂಬುದನ್ನು ವಿಚಾರಿಸಿರಿ. ಕೇಳುವ ಬೆಲೆ ಆಸೆ, ಕೊಟ್ಟ ಬೆಲೆ ಮಾತ್ರ ವಾಸ್ತವ. ಅದರಿಂದ ರಿಪೇರಿಯ ಖರ್ಚನ್ನು ಕಳೆಯಿರಿ. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಗಿಟಾರೂ ಬೆಲೆಯುಳ್ಳದ್ದಾಗುವುದಿಲ್ಲ. ಸಾಧಾರಣವಾದದ್ದು ಹಳೆಯದಾದರೆ ಹಳೆಯ ಸಾಧಾರಣ ವಸ್ತುವಾಗುತ್ತದೆ, ಅಷ್ಟೆ.

ಕೆಲವು ಕಾಲದ ಹಿಂದೆ ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ದಿವಂಗತ ಪತಿಯ ಗಿಟಾರನ್ನು ಮಾರಬೇಕೆಂದು ನನ್ನನ್ನು ಕರೆಸಿದರು. ಕೊಳ್ಳಲು ಬಂದವನೊಬ್ಬ ಸೌದೆಯ ಬೆಲೆ ಹೇಳಿ ಹೋಗಿದ್ದ. ಅಮೆರಿಕದಲ್ಲಿರುವ ಸೋದರಳಿಯ ಲಕ್ಷಗಟ್ಟಲೆ ಬಾಳುತ್ತದೆಂದು ಬರೆದಿದ್ದ. ಇಬ್ಬರ ನಡುವೆ ಆಕೆ ಕಂಗೆಟ್ಟಿದ್ದರು. ಕನ್ನಡಿ ಇಟ್ಟು ನೋಡಿದೆವು. ಒಳಗೆ ನಿಪ್ಪಾನ್ ಗಕ್ಕಿಯ ಕೆಂಪು ಚೀಟಿ, ಎಫ್‌ಜಿ-180 ಎಂಬ ಮಾದರಿ. 1966ರಲ್ಲಿ ಆರಂಭವಾದ ಸಾಲಿನದು. ಪತಿ ಹಡಗಿನ ಕೆಲಸದಲ್ಲಿದ್ದಾಗ ಸಿಂಗಪುರದಲ್ಲಿ ಕೊಂಡದ್ದಂತೆ. ಮುಖ ಅಂಟಿಸಿದ ಹಲಗೆಯದು. ಆದರೂ ಆ ಸಾಲಿನ ವಾದ್ಯಗಳಿಗೆ ಪ್ರೀತಿಯಿಂದ ಕೊಳ್ಳುವವರಿದ್ದಾರೆ. ಕುದುರೆ ಒಂದು ಮೂಲೆಯಲ್ಲಿ ಎದ್ದಿತ್ತು, ತಂತಿ ಎತ್ತರವಾಗಿತ್ತು. ಸೌದೆಯೂ ಅಲ್ಲ, ನಿಧಿಯೂ ಅಲ್ಲ.

ಆಕೆ ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದರು: ಚೀಟಿಯ ಅಕ್ಷರಗಳು, ಸಂಖ್ಯೆ, ಎದ್ದ ಕುದುರೆ, ಬೆನ್ನಿನ ಮೇಲಿನ ಒಂದು ಗೀರು. ಕಾಲೇಜಿನ ಹುಡುಗನೊಬ್ಬ ಬಂದು ಅದನ್ನು ಓದಿ, ರಿಪೇರಿಯ ಖರ್ಚು ಕಳೆದು ಒಂದು ಬೆಲೆ ಹೇಳಿದ. ಆಕೆ ಒಪ್ಪಿದರು. ಕೊನೆಗೆ ಹುಡುಗ, “ಇದನ್ನು ಯಾರು ನುಡಿಸುತ್ತಿದ್ದರು?” ಎಂದು ಕೇಳಿದ. ಆಕೆ ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡು, ಪತಿಯ ಹೆಸರನ್ನೂ ಅವರು ನುಡಿಸುತ್ತಿದ್ದ ವರ್ಷಗಳನ್ನೂ ಕೆಳಗೆ ಸೇರಿಸಿ, ಮಡಿಸಿ ಪೆಟ್ಟಿಗೆಯೊಳಗೆ ಇಟ್ಟರು. ಅದರಿಂದ ಬೆಲೆಯೇನೂ ಒಂದು ರೂಪಾಯಿಯಷ್ಟೂ ಏರಲಿಲ್ಲ.

ಮಾರುವ ಮುನ್ನ ಗುರುತಿಸಬೇಕು ಎನ್ನುವುದು ನಾವು ಮೋಸಹೋಗದಿರಲೆಂದು ಮಾತ್ರವಲ್ಲ, ಮೋಸಮಾಡದಿರಲೆಂದೂ ಹೌದು. ತನ್ನ ಕೈಯಲ್ಲಿರುವುದು ಏನೆಂದು ಅರಿಯದವನು ಸತ್ಯ ಹೇಳಬೇಕೆಂದರೂ ಹೇಳಲಾರ. ಆ ವಾದ್ಯ ಮುಂದೆ ಯಾರ ಕೈಗೆ ಹೋದರೂ, ಒಳಗೆ ಏನು ಬರೆದಿತ್ತೆಂದು ಕೇಳಿದವರಿಗೆ ಉತ್ತರ ಸಿಗುತ್ತದೆ. ನನ್ನ ಅಣ್ಣನ ಗಿಟಾರು ಈಗ ಯಾರ ಮನೆಯಲ್ಲಿದೆಯೋ ತಿಳಿಯದು. ಎಲ್ಲಿದ್ದರೂ, ಅದನ್ನು ನುಡಿಸುತ್ತಿರುವವರಿಗೆ ನಾನು ಒಂದು ಚೀಟಿಯ ಸಾಲ ಉಳಿಸಿಕೊಂಡಿದ್ದೇನೆ.